ಟೈಫಾಯ್ಡ್ ಇಳಿದು ಮತ್ತೆ ಜ್ವರ ಬಂದಿದೆ: ವಿಡಾಲ್ ವರದಿಯನ್ನು ನಂಬಬಹುದೇ?

ಪ್ರಶ್ನೆ (ಮಂಡ್ಯ):
ನಮಸ್ಕಾರ. 22 ವರ್ಷದ ನನ್ನ ತಮ್ಮನಿಗೆ ಕಳೆದ ತಿಂಗಳು ಟೈಫಾಯ್ಡ್ ಆಗಿತ್ತು. 14 ದಿನಕ್ಕೆಂದು ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು, ಐದಾರು ದಿನಕ್ಕೆ ಜ್ವರ ಬಿಟ್ಟಿತೆಂದು ಅವನು ಯಾರಿಗೂ ಹೇಳದೆ ನಿಲ್ಲಿಸಿದ್ದಾನೆ. ನಿನ್ನೆ ಬಟ್ಟೆ ಒಗೆಯುವಾಗ ಅವನ ಷರ್ಟಿನ ಜೇಬಿನಲ್ಲಿ ಅರ್ಧ ಉಳಿದ ಮಾತ್ರೆಯ ಪಟ್ಟಿ ಸಿಕ್ಕಿತು. ಈಗ ಸಂಜೆಯಾಯಿತೆಂದರೆ ಮತ್ತೆ ಮೈ ಕಾಯುತ್ತಿದೆ, ಪುನಃ ಮಾಡಿಸಿದ ವಿಡಾಲ್ ಪರೀಕ್ಷೆಯೂ ಪಾಸಿಟಿವ್ ಬಂದಿದೆ. ಉಳಿದ ಮಾತ್ರೆಗಳನ್ನೇ ಮುಂದುವರಿಸಬಹುದೇ? ಅಮ್ಮ ಗಂಜಿಯ ಹೊರತು ಬೇರೇನನ್ನೂ ಕೊಡಲು ಬಿಡುತ್ತಿಲ್ಲ. ಹುಡುಗ ತುಂಬಾ ಸೊರಗಿದ್ದಾನೆ.

ಉತ್ತರ 1 (ಮೈಸೂರು, ನಿವೃತ್ತ ಪ್ರಯೋಗಾಲಯ ತಂತ್ರಜ್ಞ):
ದಯವಿಟ್ಟು ಆ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ. 1896ರಷ್ಟು ಹಳೆಯದಾದ ವಿಡಾಲ್ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನಷ್ಟೇ ತೋರಿಸುತ್ತದೆ. ಕಾಯಿಲೆ ವಾಸಿಯಾದ ಮೇಲೂ ಅವು ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ, ನಿಮ್ಮ ತಮ್ಮನ ವಿಷಯದಲ್ಲಿ ಈ ವರದಿಯಿಂದ ಏನನ್ನೂ ನಿರ್ಧರಿಸಲಾಗದು. ಆಂಟಿಬಯೋಟಿಕ್ ಮತ್ತೆ ಶುರುವಾಗುವ ಮೊದಲೇ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ಕೊಡಿಸಿ. ಟೈಫಾಯ್ಡ್ ತರುವ ರೋಗಾಣು ಸಾಲ್ಮೊನೆಲ್ಲಾ ಟೈಫಿ ಬೆಳೆದರೆ ಅದು ಯಾವ ಔಷಧಿಗೆ ಬಗ್ಗುತ್ತದೆಂಬುದೂ ತಿಳಿಯುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದ ತಳಿಗಳು ನಮ್ಮ ದೇಶದಲ್ಲಿ ಸಾಮಾನ್ಯವಾಗಿರುವಾಗ ಇದು ಸಣ್ಣ ವಿಷಯವಲ್ಲ.

ಉತ್ತರ 2 (ಮಂಡ್ಯ, ಶುಶ್ರೂಷಕಿ):
ಪೂರ್ತಿ ಮಾತ್ರೆ ನುಂಗಿದವರಲ್ಲೂ ಕೆಲವರಿಗೆ ಎರಡು ಮೂರು ವಾರದಲ್ಲಿ ಈ ಜ್ವರ ಮರುಕಳಿಸುವುದುಂಟು, ಆದ್ದರಿಂದ ತಮ್ಮನನ್ನು ಬೈಯಬೇಡಿ. ನನಗೆ ಚಿಂತೆ ಕರುಳಿನದು. ಈ ರೋಗಾಣು ಸಣ್ಣ ಕರುಳಿನ ಕೊನೆಯ ಭಾಗದ ಗೋಡೆಯಲ್ಲಿ ಬೀಡುಬಿಟ್ಟು ಹುಣ್ಣು ಮಾಡುತ್ತದೆ. ಚಿಕಿತ್ಸೆ ಸರಿಯಾಗಿ ಆಗದಿದ್ದರೆ ಆ ಹುಣ್ಣಿನಿಂದ ರಕ್ತ ಸೋರಬಹುದು, ಕೆಲವೊಮ್ಮೆ ಕರುಳೇ ತೂತಾಗಬಹುದು. ಮಲ ಡಾಂಬರಿನಂತೆ ಕಪ್ಪಗಾದರೆ, ಅಥವಾ ಹೊಟ್ಟೆನೋವು ಜೋರಾಗಿ ಹೊಟ್ಟೆ ಮುಟ್ಟಿದರೆ ಗಟ್ಟಿಯೆನಿಸಿದರೆ, ನಡುರಾತ್ರಿಯಾದರೂ ಸರಿ, ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದೊಯ್ಯಿರಿ. ಇನ್ನು ಊಟದ ಮಾತು: ಜ್ವರ ದೇಹವನ್ನು ಸವೆಸುತ್ತಿರುವಾಗ ಗಂಜಿನೀರೊಂದೇ ಸಾಲದು. ಮೆತ್ತಗಿನ ಅನ್ನ, ತೊವ್ವೆ, ಇಡ್ಲಿ, ಮೊಸರು ಕೊಡಬಹುದೆಂದು ನಿಮ್ಮ ತಾಯಿಯವರಿಗೆ ತಿಳಿಸಿ.

ಉತ್ತರ 3 (ಶ್ರೀರಂಗಪಟ್ಟಣ):
ಕೆಲವರ ಪಿತ್ತಕೋಶದಲ್ಲಿ ಈ ರೋಗಾಣು ವರ್ಷಗಟ್ಟಲೆ ಉಳಿದು, ಅವರು ಆರೋಗ್ಯವಾಗಿದ್ದರೂ ಮಲದ ಮೂಲಕ ಹೊರಬೀಳುತ್ತಿರುತ್ತದೆ. ಗುಣವಾದ ಮೇಲೆ ಮಲದ ಕಲ್ಚರ್ ಬೇಕೇ ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಅವನು ಇತರರಿಗೆ ಊಟ ಬಡಿಸದಿರಲಿ, ಶೌಚಾಲಯದ ಬಳಿ ಸೋಪು ಇರಲಿ.

ಪ್ರಶ್ನೆ ಕೇಳಿದವರು:
ಇಂದು ಬೆಳಿಗ್ಗೆಯೇ ವೈದ್ಯರನ್ನು ಕಂಡು ಕಲ್ಚರ್‌ಗೆ ರಕ್ತ ಕೊಟ್ಟು ಬಂದೆವು. ವರದಿಗೆ ಕಾಯದೆ ಇಂಜೆಕ್ಷನ್ ಆರಂಭಿಸಿದ್ದಾರೆ. ಮಧ್ಯಾಹ್ನ ಅಮ್ಮನೇ ಅನ್ನ ಮೆತ್ತಗೆ ಬೇಯಿಸಿ ತೊವ್ವೆ ಕಲಸಿಕೊಟ್ಟರು, ಅರ್ಧ ತಟ್ಟೆ ಉಂಡ.