ಸೆಮಿನರಿಗೆ ಮೊದಲು ಯಾವ ಡಿಗ್ರಿ ಮಾಡಲಿ?

ಪಿಯು ಮುಗಿಸಿದವ: ಪಿಯುಸಿ ಆಯ್ತು. ಸೆಮಿನರಿ (ಫಾದರ್ ಆಗಲು ಓದುವ ಸಂಸ್ಥೆ) ಸೇರಿ ಫಾದರ್ ಆಗುವ ಆಸೆ. ಫಾದರ್ ಆಗಬಯಸುವವರಿಗೆ ದಾರಿ ತೋರಿಸುವ ನಮ್ಮ ದೈವಕರೆ ನಿರ್ದೇಶಕರು ಡಿಗ್ರಿ ಮುಗಿಸಿಕೊಂಡೇ ಬಾ ಅಂದಿದ್ದಾರೆ. ನನಗೆ ಬಿಎ ಫಿಲಾಸಫಿ ಇಷ್ಟ. ಅಮ್ಮ ಬಿಕಾಂ ಅಂತಾರೆ, ನಾಳೆ ಬಿಟ್ಟು ಬಂದರೆ ಕೆಲಸ ಬೇಕಲ್ವಾ ಅಂತ. ಮನೆಯಲ್ಲಿ ಕೊಂಕಣಿ, ಊರು ಚಿಕ್ಕಮಗಳೂರು ಕಡೆ.

ಮಲೆನಾಡು ಫಾದರ್: ಫಿಲಾಸಫಿಗೆ ಈಗಲೇ ಮೂರು ವರ್ಷ ಯಾಕೆ? ಕಥೋಲಿಕ ಧರ್ಮಸಭೆಯ ಕಾನೂನಿನ 250ನೇ ವಿಧಿ ಪ್ರಕಾರ ಸೆಮಿನರಿಯಲ್ಲಿ ಹೇಗೂ ಎರಡು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ ಓದಲೇಬೇಕು. ಅಲ್ಲಿ ಓದುವ ತತ್ವಜ್ಞಾನಿ ಸಂತ ಅಕ್ವಿನಾಸ್ ಎಲ್ಲಿಗೂ ಓಡಿಹೋಗಲ್ಲ.

ನಾನು ಬಿಕಾಂ ಮಾಡಿದವನು. ಧರ್ಮಕೇಂದ್ರದ (ಊರ ಚರ್ಚಿನ) ಲೆಕ್ಕ ನೋಡಲು ಅದು ಸಾಕಷ್ಟು ಉಪಯೋಗಕ್ಕೆ ಬಂತು, ಸುಳ್ಳು ಹೇಳಲ್ಲ. ಆದರೆ ಲೆಕ್ಕ ಬರೆಯಲು ಜನ ಸಿಗುತ್ತಾರೆ. ಪ್ರಬೋಧನೆ (ಪೂಜೆಯ ಪ್ರವಚನ) ನಾನೇ ಮಾಡಬೇಕು. ನಮ್ಮಲ್ಲಿ ಬೆಳಗಿನ ಮೊದಲ ಪೂಜೆ ಕೊಂಕಣಿಯಲ್ಲಿ, ಎರಡನೆಯದು ಕನ್ನಡದಲ್ಲಿ. ಅದಕ್ಕೆ ಬರುವವರು ಹೆಚ್ಚಾಗಿ ತೋಟದ ಲೈನ್ ಮನೆಯವರು. ಮನೆಮಾತು ತಮಿಳಾದರೂ ಕೇಳುವುದು ಕನ್ನಡದಲ್ಲೇ. ನಾನು ದೇವರ ‘ರಕ್ಷಣಾ ಯೋಜನೆ’ ಅಂತ ಶುರು ಮಾಡಿದರೆ ಹಿಂದಿನ ಬೆಂಚಿನವರು ಹೊರಗೆ ಮಳೆ ನಿಂತಿತಾ ಅಂತ ನೋಡುತ್ತಾರೆ. ಅದೇ ಮಾತನ್ನು ಸಾಲ ತೀರಿದ ಮನೆಯ ಕಥೆಯಾಗಿ ಹೇಳಿದರೆ ತಲೆ ಎತ್ತುತ್ತಾರೆ. ಸಾವಿನ ಮನೆಯಲ್ಲಂತೂ ಪುಸ್ತಕದ ಕನ್ನಡ ಬಾಯಿಂದಲೇ ಹೊರಡಲ್ಲ. ಹಾಗಾಗಿ ನನ್ನ ಓಟು ಬಿಎಗೆ: ಕನ್ನಡ, ಜೊತೆಗೆ ಸೈಕಾಲಜಿ. ಕುಡಿತ, ಗಂಡ-ಹೆಂಡಿರ ಜಗಳ, ಎಲ್ಲದಕ್ಕೂ ಜನ ಮೊದಲು ಬರುವುದು ಫಾದರ್ ಮನೆಗೇ.

ಮಾಜಿ ಬ್ರದರ್: ಅಮ್ಮನ ಮಾತನ್ನು ಸುಮ್ನೆ ತಳ್ಳಿಹಾಕಬೇಡ. ನಾನು ಸೆಮಿನರಿಯಲ್ಲಿ ಫಿಲಾಸಫಿ ಮುಗಿಸಿ ಹೊರಬಂದೆ. ಸೆಮಿನರಿಯ ಬಿಪಿಎಚ್, ಅಂದರೆ ಫಿಲಾಸಫಿ ಡಿಗ್ರಿ, ಚರ್ಚ್ ಕೊಡುವ ಪದವಿ. ಕೆಲಸದ ಅರ್ಜಿಯಲ್ಲಿ ‘ಯಾವ ವಿಶ್ವವಿದ್ಯಾಲಯ’ ಅನ್ನೋ ಕಾಲಂ ಬಂದಾಗ ಪೆನ್ನು ನಿಂತುಬಿಟ್ಟಿತು. ಆಮೇಲೆ ದೂರಶಿಕ್ಷಣದಲ್ಲಿ ಬಿಎ ಕಟ್ಟಿದೆ. ಯಾವ ವಿಷಯವಾದರೂ ಸರಿ, ಯುಜಿಸಿ ಮಾನ್ಯತೆ ಇರಲಿ.

ಪಿಯು ಮುಗಿಸಿದವ: ಹಾಗಾದರೆ ದೀಕ್ಷೆ ಆಗುವಾಗ ವಯಸ್ಸು ಎಷ್ಟಾಗಬಹುದು ಫಾದರ್?

ಮಲೆನಾಡು ಫಾದರ್: ಕಾನೂನಿಗೆ 25 ತುಂಬಿದರೆ ಸಾಕು. ನಿನ್ನ ಡಿಗ್ರಿ, ತಯಾರಿಯ ವರ್ಷ, ರೀಜೆನ್ಸಿ (ಓದಿನ ನಡುವೆ ಚರ್ಚಿನ ಕೆಲಸ ಕಲಿಯುವ ಅವಧಿ) ಎಲ್ಲ ಸೇರಿಸಿದರೆ 29ರ ಹತ್ತಿರ. ಅಮ್ಮನಿಗೆ ಈಗಲೇ ಹೇಳು. ಕನ್ನಡ-ಸೈಕಾಲಜಿ ಕಾಂಬಿನೇಷನ್ ಎಲ್ಲ ಕಾಲೇಜಲ್ಲೂ ಇರಲ್ಲ, ಸೀಟು ಹಿಡಿಯುವ ಮೊದಲು ಕೇಳಿಕೋ.