ಒಂದು ಕಿವಿ ಮನೆಗೆ ಇರಲಿ

ಹಲೋ... ರೆಕಾರ್ಡ್ ಆಗ್ತಾ ಇದೆ ಅಲ್ವಾ? ಹಾಂ, ಆಗ್ತಾ ಇದೆ.

ಸ್ಮಿತಾ, ಬೆಳಗ್ಗೆ ನೀನು ಗ್ರೂಪಿನಲ್ಲಿ ಬರೆದಿದ್ದನ್ನು ಈಗ ನೋಡಿದೆ. ಟೈಪ್ ಮಾಡೋಕೆ ನನ್ನ ಬೆರಳು ಮಾತು ಕೇಳಲ್ಲ, ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ. ಹುರುಳಿಕಾಯಿ ಹೆಚ್ಚುತ್ತಾ ಕೇಳು.

ಅನು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಮ್ಯಾಗ್ನಸ್ ಆರ್ಕೈವ್ಸ್ ಅನ್ನೋ ಹೆದರಿಕೆಯ ಪಾಡ್‌ಕಾಸ್ಟ್ ನಾಟಕ ಕೇಳುತ್ತಾಳೆ, ನಾಲ್ಕು ದಿನದಿಂದ ದೀಪ ಆರಿಸೋಕೆ ಬಿಡುತ್ತಿಲ್ಲ, ನಿಲ್ಲಿಸಬೇಕಾ, ಯಾರಾದರೂ ಅದನ್ನು ಕೇಳಿದ್ದೀರಾ ಅಂತ ತಾನೇ ನಿನ್ನ ಪ್ರಶ್ನೆ? ಅದಕ್ಕೆ ವಿಠಲಣ್ಣ ಹನುಮಾನ್ ಚಾಲೀಸಾ ಕಳಿಸಿದ. ಲಲಿತಾ ಫೋನ್ ಕಿತ್ತುಕೋ ಅಂದಳು. ನಮ್ಮ ಸುಹಾಸ ಲೀಡ್ಸಿನಲ್ಲಿ ಕೂತು ಬರೀ ಹೆಬ್ಬೆರಳು ಎತ್ತಿದ. ಅವನಿಗೆ ಇದರ ಬಗ್ಗೆ ಎರಡು ಗಂಟೆ ಮಾತಾಡೋಕೆ ಬರುತ್ತದೆ, ಆದರೆ ಹೆಂಡತಿ ಪಕ್ಕದಲ್ಲಿದ್ದರೆ ಮಾತಾಡಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಕೇಳಿದ್ದೇನೆ ಮಾರಾಯ್ತಿ. ಪೂರ್ತಿ 200 ಕಂತು.

ನಗಬೇಡಿ ಯಾರೂ. 2022ರಲ್ಲಿ ನನ್ನ ಕಣ್ಣಿನ ಪೊರೆ ತೆಗೆಸಿದ್ದು ನಿಮಗೆಲ್ಲ ಗೊತ್ತು. ಓದಬೇಡಿ, ಟಿವಿ ಬೇಡ, ಸುಮ್ನೆ ಮಲಗಿ ಅಂದರು ಡಾಕ್ಟರು. ಮೂವತ್ತೊಂದು ವರ್ಷ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವಳು ಸುಮ್ನೆ ಹೇಗೆ ಮಲಗಲಿ? ಸುಹಾಸ ಫೋನಿನಲ್ಲೇ ಅದೇನೇನೋ ಒತ್ತಿಸಿ ಇದನ್ನು ಹಾಕಿಸಿಕೊಟ್ಟ. ಅಮ್ಮಾ, ನಿನಗೆ ಭೂತದ ಕಥೆ ಇಷ್ಟ ಅಲ್ವಾ, ಕೇಳು ಅಂದ. ಅಷ್ಟೊತ್ತಿಗೆ ಅದು ಮುಗಿದೇ ಹೋಗಿತ್ತು. 2016ರ ಮಾರ್ಚಿನಲ್ಲಿ ಶುರುವಾಗಿ 2021ರ ಮಾರ್ಚಿಗೆ ಮುಗಿದ ನಾಟಕ. ಇಂಗ್ಲೆಂಡಿನ ರಸ್ಟಿ ಕ್ವಿಲ್ ಅನ್ನೋ ಕಂಪನಿಯವರು ಮಾಡಿದ್ದು. ಬರೆದವನು ಜೊನಾಥನ್ ಸಿಮ್ಸ್. ಮುಖ್ಯ ಪಾತ್ರದ ದನಿಯೂ ಅವನದೇ. ಆ ಪಾತ್ರಕ್ಕೂ ತನ್ನ ಹೆಸರನ್ನೇ ಇಟ್ಟುಕೊಂಡಿದ್ದಾನೆ, ಧೈರ್ಯ ನೋಡು.

ಕಥೆ ಇಷ್ಟೇ. ಲಂಡನ್ನಿನಲ್ಲಿ ಒಂದು ಸಂಸ್ಥೆ. ವಿಚಿತ್ರ ಕಂಡವರು, ಹೆದರಿದವರು ಅಲ್ಲಿಗೆ ಬಂದು ಹೇಳಿಕೆ ಬರೆದುಕೊಟ್ಟು ಹೋಗಿರುತ್ತಾರೆ. ಹೊಸದಾಗಿ ಬಂದ ದಾಖಲೆ ಅಧಿಕಾರಿ ಆ ಹಳೇ ಕಡತಗಳನ್ನು ಒಂದೊಂದಾಗಿ ಓದಿ ಟೇಪಿಗೆ ಹಾಕುತ್ತಾನೆ. ಕಂಪ್ಯೂಟರಿಗೇ ಹಾಕಬಹುದಿತ್ತಲ್ಲ ಅಂದರೆ, ನಿಜವಾದ ಹೇಳಿಕೆಗಳು ಕಂಪ್ಯೂಟರಿನಲ್ಲಿ ಕೆಟ್ಟುಹೋಗುತ್ತವೆ. ಹಳೇ ಟೇಪ್ ರೆಕಾರ್ಡರಿನಲ್ಲಿ ಮಾತ್ರ ನಿಲ್ಲುತ್ತವೆ. ಮೊದಲನೇ ಕಂತಿನಲ್ಲಿ ಎಡಿನ್‌ಬರೋ ಊರಿನ ಒಂದು ಓಣಿ. ಕುಡಿದು ಮನೆಗೆ ಹೊರಟ ಹುಡುಗ. ಕತ್ತಲಲ್ಲಿ ಒಬ್ಬ ನಿಂತು ಸಿಗರೇಟ್ ಕೇಳುತ್ತಾನೆ. ಅಷ್ಟೇ. ಆದರೆ ಕೇಳಿದವನ ಕಾಲು ನೆಲಕ್ಕೆ ತಾಗಿರುವುದಿಲ್ಲ. ನಮ್ಮ ಸಾಗರದ ಕಡೆ ಹೇಳೋ ಕಥೆಗಳಿಗೂ ಇದಕ್ಕೂ ಏನು ವ್ಯತ್ಯಾಸ ಹೇಳು? ನಮ್ಮಲ್ಲಿ ಸುಣ್ಣ ಕೇಳುತ್ತಿತ್ತು, ಅಲ್ಲಿ ಸಿಗರೇಟ್ ಕೇಳುತ್ತದೆ.

ಒಂದು ನಿಮಿಷ, ಕುಕ್ಕರ್ ಕೂಗಿತು.

ಹಾಂ. ಈಗ ಕಿವಿಗೊಟ್ಟು ಕೇಳು, ಇದು ಮುಖ್ಯ. ಎರಡೂ ಕಿವಿಗೆ ಸಿಕ್ಕಿಸಿಕೊಂಡು ಕೇಳೋಕೆ ಬಿಡಬೇಡ. ಯಾಕೆ ಅಂತ ನಿಮಗೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇವರು ಬಚ್ಚಲಲ್ಲಿ ಬಿದ್ದರು ಅಂತಷ್ಟೇ ನಾನು ಆಗ ಗ್ರೂಪಿನಲ್ಲಿ ಹಾಕಿದ್ದೆ. ಪೂರ್ತಿ ಹೇಳೋಕೆ ನಾಚಿಕೆಯಾಗಿತ್ತು.

ಅವತ್ತು ರಾತ್ರಿ ಊಟ ಆಗಿತ್ತು. ನಾನು ಮಂಚದ ಮೇಲೆ ಗೋಡೆಗೆ ಒರಗಿ ಕೂತು 22ನೇ ಕಂತು ಹಾಕಿದೆ. ದೀಪ ಆರಿಸಿದ್ದೆ, ಕಣ್ಣಿಗೆ ಬೆಳಕು ಚುಚ್ಚುತ್ತಿತ್ತು. ಇವರು ಕಾಲು ತೊಳೆದು ಬರುತ್ತೇನೆ ಅಂತ ಬಚ್ಚಲಿಗೆ ಹೋದರು. ನಮ್ಮ ಬಚ್ಚಲು ಹಿಂದುಗಡೆ, ಅಡುಗೆಮನೆ ದಾಟಿ. ನೋಡಿದ್ದೀರಲ್ಲ. ಕಂತಿನಲ್ಲಿ ಮಾರ್ಟಿನ್ ಅನ್ನೋ ಹುಡುಗ, ಆ ಆಫೀಸಿನವನೇ, ತನ್ನ ಪಾಡು ಹೇಳುತ್ತಿದ್ದಾನೆ. ಮನೆಯೊಳಗೆ ಸಿಕ್ಕಿಹಾಕಿಕೊಂಡಿದ್ದಾನೆ ಪಾಪ. ಹೊರಗೆ ನಿಂತವಳು ಮೈಯೆಲ್ಲ ಹುಳು ತುಂಬಿದ ಹೆಂಗಸು. ಅವಳು ಬಾಗಿಲು ತಟ್ಟುತ್ತಾಳೆ. ಬಿಟ್ಟು ಬಿಟ್ಟು ತಟ್ಟುತ್ತಲೇ ಇರುತ್ತಾಳೆ. ಇವನು ಹೆಚ್ಚು ಕಡಿಮೆ ಎರಡು ವಾರ ಒಳಗೇ ಕೂತಿರುತ್ತಾನೆ.

ನನಗೂ ಕೇಳಿಸಿತು. ದೂರದಿಂದ ಟಕ್ ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್ ಟಕ್ ಟಕ್. ಅಬ್ಬಾ, ಏನು ಸೊಗಸಾಗಿ ಸದ್ದು ಹಾಕಿದ್ದಾರೆ, ನಮ್ಮ ಮನೆಯ ಬಾಗಿಲನ್ನೇ ತಟ್ಟಿದ ಹಾಗಿದೆ ಅಂದುಕೊಂಡೆ! ಹೊದಿಕೆ ಕತ್ತಿನವರೆಗೆ ಎಳೆದುಕೊಂಡು ಇನ್ನೂ ಗಮನ ಕೊಟ್ಟು ಕೇಳಿದೆ. ವಾಲ್ಯೂಮ್ ಜಾಸ್ತಿ ಮಾಡಿದೆ. ಜಾಸ್ತಿ ಮಾಡಿದೆ ಸ್ಮಿತಾ, ಕಡಿಮೆ ಅಲ್ಲ.

ಕಂತು ಮುಗಿಯಿತು. ತಟ್ಟೋದು ನಿಲ್ಲಲಿಲ್ಲ.

ಆಗ ಕಿವಿಯಿಂದ ಅದನ್ನು ಕಿತ್ತೆ. ಬಚ್ಚಲಿಂದ ಇವರ ದನಿ. ಸಾಬೂನು ನೀರಿನ ಮೇಲೆ ಜಾರಿ, ಕಾಲು ಮಡಚಿಕೊಂಡು ಬಿದ್ದಿದ್ದರು. ಒಳಗಿಂದ ಚಿಲಕ. ಏಳೋಕೆ ಆಗದೆ ಪ್ಲಾಸ್ಟಿಕ್ ಮಗ್ಗಿನಿಂದ ಬಾಗಿಲು ಬಡಿಯುತ್ತಿದ್ದರು. ಕಡಿಮೆ ಅಂದರೂ ಇಪ್ಪತ್ತು ನಿಮಿಷ. ಪಕ್ಕದ ಮನೆ ಹುಡುಗ ಬಂದು ಬಾಗಿಲಿನ ಕೆಳಗಿನ ಹಲಗೆ ಒದ್ದು ಮುರಿದ ಮೇಲೆ ಹೊರಗೆ ಎತ್ತಿದ್ದು. ಕಾಲಿನ ಗಿಣ್ಣು ಮುರಿದಿತ್ತು. 6 ವಾರ ಪ್ಲಾಸ್ಟರ್. ಅವತ್ತು ಆ ಒದ್ದೆ ನೆಲದ ಮೇಲೆ, ಮಗ್ ಕೈಯಲ್ಲಿ ಹಿಡಿದುಕೊಂಡೇ, ಇವರು ನನ್ನನ್ನು ಕೇಳಿದ್ದು ಒಂದೇ ಮಾತು. "ನಾಳೆ ಬಾ ಅಂತ ಬರೆದುಬಿಟ್ಟಿದ್ದೆಯಾ ಬಾಗಿಲ ಮೇಲೆ?" ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಮೇಲೆ ಒಂದು ದಿನ ಬೆಳಗ್ಗೆ ಆ ಕಂತನ್ನು ಮತ್ತೆ ಕೇಳಿದೆ. ಆ ಹುಡುಗನ ಮಾತು, ಹಿಂದೆ ಟೇಪು ಸುತ್ತೋ ಸಣ್ಣ ಸದ್ದು. ತಟ್ಟಿದಳು ಅಂತ ಅವನು ಬಾಯಲ್ಲಿ ಹೇಳುತ್ತಾನೆ. ನಾನು ಕೇಳಿದ ಟಕ್ ಟಕ್ ನಮ್ಮ ಮನೆಯದು. 1938ರಲ್ಲಿ ಅಮೆರಿಕಾದಲ್ಲಿ ಆರ್ಸನ್ ವೆಲ್ಸ್ ರೇಡಿಯೋ ನಾಟಕದಲ್ಲಿ ಮಂಗಳ ಗ್ರಹದವರು ಬಂದಿಳಿದರು ಅಂದಾಗ ಕೆಲವರು ಹೌದೇನೋ ಅಂತ ನಂಬಿದ್ದರಂತೆ. ದೇಶಕ್ಕೆ ದೇಶವೇ ಓಡಿಹೋಯಿತು ಅನ್ನೋದು ಪೇಪರಿನವರು ಉಬ್ಬಿಸಿದ್ದು, ಅದು ಬೇರೆ. ಆದರೆ ಅವರು ನಾಟಕವನ್ನು ನಿಜ ಅಂದುಕೊಂಡರು. ನಾನು ನಿಜವನ್ನು ನಾಟಕ ಅಂದುಕೊಂಡೆ. ಯಾರು ದಡ್ಡರು ಹೇಳು.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ. ಎರಡೂ ಕಿವಿ ಮುಚ್ಚಬಾರದು. ಒಂದು ಕಿವಿ ಕಥೆಗೆ ಕೊಡಲಿ, ಒಂದು ಕಿವಿ ಮನೆಗೆ ಇರಲಿ. ನಿಮ್ಮ ಮನೆಯಲ್ಲೂ ಅಜ್ಜಿ ಇದ್ದಾರೆ, ರಾತ್ರಿ ಎರಡು ಸಲ ಏಳುತ್ತಾರೆ. ಮರೀಬೇಡ.

ನಾವು ಚಿಕ್ಕವರಿದ್ದಾಗ ಈ ಕಾಟವೇ ಇರಲಿಲ್ಲ. ಸಾಗರದ ಮನೆಯ ನಡುಮನೆಯಲ್ಲಿ ಅಪ್ಪನ ಮರ್ಫಿ ರೇಡಿಯೋ. ರಾತ್ರಿ ನಾಟಕ ಬಂತು ಅಂದರೆ ಎಲ್ಲರೂ ಒಟ್ಟಿಗೆ. ಅಜ್ಜಿ ಅಡಿಕೆ ಕತ್ತರಿಸುತ್ತಾ, ಅಮ್ಮ ಬಾಗಿಲಿಗೆ ಒರಗಿಕೊಂಡು. ಹೆದರಿಕೆ ಆದರೆ ಪಕ್ಕದವರ ಸೆರಗು ಹಿಡಿಯೋದು. ಯಾರಾದರೂ ಕೆಮ್ಮಿದರೂ ಗೊತ್ತಾಗುತ್ತಿತ್ತು. ಆ ರೇಡಿಯೋಗೆ ವರ್ಷಕ್ಕೊಂದು ಸಲ ಲೈಸೆನ್ಸ್ ಹಣ ಕಟ್ಟಬೇಕಿತ್ತಲ್ಲ, ಆ ಪುಸ್ತಕ ಹಿಡಿದುಕೊಂಡು ಅಂಚೆ ಕಚೇರಿಗೆ ಹೋಗಿ ಕಟ್ಟಿಬರುತ್ತಿದ್ದವಳು ಯಾರು? ನಾನು. ಮಳೆಗಾಲದಲ್ಲಿ, ಕಂಬಳಿಕೊಪ್ಪೆ ಹಾಕಿಕೊಂಡು. ಮನೆ ಪಾಲಾದಾಗ ನನಗೆ ಚಿನ್ನ ಬೇಡ, ಪಾತ್ರೆ ಬೇಡ, ಆ ರೇಡಿಯೋ ಒಂದು ಕೊಡಿ ಅಂದೆ. ಹೂಂ ಅಂದರು ಎಲ್ಲರೂ. ಬೆಳಗ್ಗೆ ಎದ್ದು ನೋಡಿದರೆ ಅದು ಒಬ್ಬರ ಕಾರಿನ ಡಿಕ್ಕಿಯಲ್ಲಿ. ಯಾರ ಕಾರು ಅಂತ ಹೇಳಲ್ಲ. ಗ್ರೂಪಿನಲ್ಲೇ ಇದ್ದಾರೆ, ನೀಲಿ ಟಿಕ್ ಬಂದೇ ಬರುತ್ತದೆ.

ಆಯ್ತು, ತಗೊಂಡು ಹೋದಿರಿ, ಹಾಡಿಸಿದಿರಾ? ಇಲ್ಲ. ಹೋದ ಸಲ ಗೃಹಪ್ರವೇಶಕ್ಕೆ ಬಂದಾಗ ನೋಡಿದೆ. ಶೋಕೇಸಿನಲ್ಲಿ ಕೂರಿಸಿದ್ದಾರೆ. ಮೇಲೆ ಪ್ಲಾಸ್ಟಿಕ್ ಹೂವು. ಹಿಂದಿನ ರಟ್ಟು ಬಿಟ್ಟುಕೊಂಡು ಒಳಗೆ ಜಿರಳೆ ಸಂಸಾರ. ನಾನಿರೋದು ಮೈಸೂರಿನಲ್ಲಿ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ ಊರು ಇದು. ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ ಊರು. ಇಲ್ಲಿ ಇರಬೇಕಿತ್ತಾ ಆ ರೇಡಿಯೋ, ಅಲ್ಲಿ ಇರಬೇಕಿತ್ತಾ? ನೀವೇ ಹೇಳಿ. ಬೇಡ, ಹೇಳಬೇಡಿ. ನನಗೆ ಬಿಪಿ ಇದೆ.

ಎಲ್ಲಿದ್ದೆ? ಹಾಂ, ಸುಹಾಸ. ಅವನಿಗೂ ಅವನ ಹೆಂಡತಿಗೂ ಈ ನಾಟಕದ ವಿಷಯಕ್ಕೆ ಜಗಳ. ಇದು ನಲವತ್ತು ನಲವತ್ತು ಕಂತಿನ ಐದು ಭಾಗ. ಮೊದಲ ಭಾಗದಲ್ಲಿ ಒಂದೊಂದು ಕಂತೂ ಬಿಡಿ ಕಥೆ ಅನ್ನಿಸುತ್ತದೆ. ಹೋಗ್ತಾ ಹೋಗ್ತಾ ಹಿಂದೆ ಬಂದ ಹೆಸರು ಮುಂದೆ ಬರುತ್ತದೆ, ಎಲ್ಲೋ ಕೇಳಿದ ಒಂದು ಪುಸ್ತಕ ಇನ್ನೆಲ್ಲೋ ಸಿಗುತ್ತದೆ. ಆಗ ಗೊತ್ತಾಗುತ್ತದೆ, ಇದು ಮಣಿಯಲ್ಲ, ಸರ ಅಂತ. ಸುಹಾಸನಿಗೆ ಆ ಬಿಡಿ ಕಥೆಗಳೇ ಇಷ್ಟ. ಕೊನೇ ಭಾಗದಲ್ಲಿ ನಾಟಕದ ರೀತಿಯೇ ಬದಲಾಗುತ್ತದೆ. ಅವಳಿಗೆ ಅದೇ ಪ್ರಾಣ, ಅತ್ತುಬಿಟ್ಟಳಂತೆ. ಇವನು ಬೋರು ಅಂದನಂತೆ. ಎರಡು ದಿನ ಮಾತಿಲ್ಲ. ನಾನು ಮಗನ ಕಡೆ, ಅವಳಿಗೆ ಹೇಳಬೇಡಿ. ಕೊನೆಗೆ ಬರೋ ಹೊತ್ತಿಗೆ ಸಾರು ಕುದ್ದೂ ಕುದ್ದೂ ಗಟ್ಟಿಯಾದ ಹಾಗೆ ಅನ್ನಿಸಿತು. ಆದರೆ ಆ ಜೊನಾಥನ್ ದನಿ ಇದೆಯಲ್ಲ, ಶುರುವಿನಲ್ಲಿ ಯಾರನ್ನೂ ನಂಬದೆ ಕೊಂಕು ಮಾತಾಡುವಾಗ ಎರಡು ಬಿಡೋಣ ಅನ್ನಿಸುತ್ತದೆ. ಬರ್ತಾ ಬರ್ತಾ ಅದೇ ದನಿ ಸವೆದು ಸುಸ್ತಾಗುವುದು ಕೇಳಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಅದಕ್ಕೆ ಮುಖ ಬೇಕಾಗಲಿಲ್ಲ ನೋಡು. 2024ರಲ್ಲಿ ಮ್ಯಾಗ್ನಸ್ ಪ್ರೋಟೋಕಾಲ್ ಅಂತ ಮುಂದಿನದೂ ಶುರು ಮಾಡಿದರು. ಇವರು ಬೇಡ ಅಂದಿದ್ದಾರೆ. ಹಗಲು ಹೊತ್ತು ಕೇಳುತ್ತಿದ್ದೇನೆ.

ಅಯ್ಯೋ, ನೀನು ಕೇಳಿದ್ದು ಬೇರೆಯೇ ಅಲ್ವಾ! ನಿಲ್ಲಿಸಬೇಕಾ ಅಂತ.

ನಿಲ್ಲಿಸಬೇಡ. ಕಿತ್ತುಕೊಂಡರೆ ಹೊದಿಕೆಯೊಳಗೆ ಕೇಳುತ್ತಾಳೆ, ಅದು ಇನ್ನೂ ಕೆಟ್ಟದ್ದು. ಇದು ದೊಡ್ಡವರಿಗೆ ಮಾಡಿದ ನಾಟಕ, ಅವಳಿಗೆ ಇನ್ನೂ 15. ಹಾಗಂತ ಪೂರ್ತಿ ಬಿಡಲೂ ಬೇಡ. ಮೊದಲು, ಯಾವ ಕಂತು ಕೇಳಿದ ಮೇಲೆ ದೀಪದ ಕಥೆ ಶುರುವಾಯಿತು ಅಂತ ಮೆಲ್ಲಗೆ ಕೇಳು. ಬೈಯಬೇಡ. ಹೋದ ವರ್ಷ ನಿಮ್ಮ ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು ಅತ್ತಿದ್ದಳಲ್ಲ ಅವಳು? 15ನೇ ಕಂತು ಗುಹೆಯೊಳಗೆ ಇಳಿಯೋ ಅಕ್ಕತಂಗಿಯರದು. ಇಕ್ಕಟ್ಟು, ಕತ್ತಲು. ನನಗೇ ಉಸಿರು ಕಟ್ಟಿತು. ನನಗೆ ಅದರ ಮೇಲೇ ಅನುಮಾನ. ಅದರ ಮುಂದಿನದು, 16, ಪೂರ್ತಿ ಜೇಡದ್ದು. ಅವಳು ಜಿರಳೆಗೇ ಕುರ್ಚಿ ಹತ್ತುವವಳು. ಅಂಥದ್ದು ಬಂದರೆ ಹಾರಿಸಿಬಿಡಲಿ. ಒಂದೆರಡು ಬಿಟ್ಟರೆ ಕಥೆ ಎಲ್ಲೂ ಓಡಿಹೋಗಲ್ಲ. ಬಹಳ ಕಂತುಗಳಿಗೆ ಒಳಗೆ ಏನೇನು ಭಯಂಕರ ಇದೆ ಅಂತ ವಿವರದಲ್ಲಿ ಎಚ್ಚರಿಕೆ ಬರೆದಿರುತ್ತಾರೆ. ಪೂರ್ತಿ ಮಾತು ಬರಹದಲ್ಲೂ ಸಿಗುತ್ತದೆ. ಹೆದರಿಕೆ ಅನ್ನಿಸಿದ್ದನ್ನು ಮೊದಲು ಓದಿಬಿಟ್ಟರೆ ಅರ್ಧ ಭಯ ಹೋಗುತ್ತದೆ. ಅಕ್ಷರಕ್ಕೆ ದನಿ ಇಲ್ಲವಲ್ಲ.

ರಾತ್ರಿ ಊಟದ ಮೇಲೆ ಬೇಡ. ಶಾಲೆಯಿಂದ ಬಂದು ತಿಂಡಿ ತಿನ್ನುವಾಗ ನಡುಮನೆಯಲ್ಲಿ ಜೋರಾಗಿ ಹಾಕಲಿ, ಸ್ಪೀಕರಿನಲ್ಲಿ. ಒಂದು ಕಂತು ಅರ್ಧ ಗಂಟೆಯೂ ಇರಲ್ಲ ಹೆಚ್ಚಾಗಿ. ನೀನೂ ಪಕ್ಕದಲ್ಲಿ ಕೂತು ಮೊದಲನೇದು ಕೇಳು, ಆ ಸಿಗರೇಟಿನದು. ನಿನಗೆ ಹೆದರಿಕೆ ಆದರೆ ಅವಳಿಗೆ ಖುಷಿಯಾಗುತ್ತದೆ. ಒಬ್ಬಳೇ ಕೇಳಲೇಬೇಕು ಅಂದರೆ ಒಂದೇ ಕಿವಿ, ಹೇಳಿದೆನಲ್ಲ. ಮತ್ತೆ ಸುಹಾಸಾ, ನೀನು ಅನುಗೆ ಫೋನ್ ಮಾಡು. ಹೆಬ್ಬೆರಳು ಎತ್ತಿದ್ದು ಸಾಕು. ಕೊನೆ ಏನಾಗುತ್ತದೆ ಅಂತ ಮಾತ್ರ ಬಾಯಿ ಬಿಡಬೇಡ.

ಭಾನುವಾರದೊಳಗೆ ದೀಪ ಆರಿತಾ ಇಲ್ಲವಾ ಅಂತ ತಿಳಿಸು ಸ್ಮಿತಾ. ಈಗ ಇಡುತ್ತೇನೆ. ಪ್ಲಾಸ್ಟರ್ ಹಾಕಿದಾಗಿನಿಂದ ಇವರಿಗೆ ಒಂದು ಚಟ ಹತ್ತಿದೆ, ಕಾಫಿ ಬೇಕಾದರೆ ಸ್ಟೂಲು ತಟ್ಟುವುದು. ಆಗಿಂದ ತಟ್ಟುತ್ತಲೇ ಇದ್ದಾರೆ.