ಸೂಪರ್ ಮಾರ್ಕೆಟ್ ಮೇಲೆ ದಿನಕ್ಕೆ 5 ಮಿಲಿಮೀಟರ್ ಆವಿ! ಕಲಬುರಗಿ ಇಟಿ ಲೆಕ್ಕದಲ್ಲಿ ಎಲ್ಲಿ ಎಡವಟ್ಟು?

ಬಿಸಿಲೂರು:
ಎಂ.ಎಸ್ಸಿ. ಪ್ರಾಜೆಕ್ಟಿಗೆ ಕಲಬುರಗಿ ನಗರದ ಇಟಿ ತೆಗೀತಾ ಇದ್ದೇನೆ. ನೆಲದಿಂದ, ಗಿಡಮರದಿಂದ ಆವಿಯಾಗಿ ಹೋಗುವ ನೀರಿನ ಲೆಕ್ಕ. ಏಪ್ರಿಲ್‌ನ ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಚಿತ್ರ, ಅದರ ತಾಪಮಾನದಿಂದ ಇಟಿ ಲೆಕ್ಕ ಹಾಕುವ ಸೆಬಾಲ್ ವಿಧಾನ. ಕೋಲ್ಡ್ ಪಿಕ್ಸೆಲ್‌ಗೆ (ಆವಿ ಪೂರ್ತಿ ಇರುವ ತಣ್ಣನೆ ಜಾಗ) ಅಫಜಲಪುರ ಕಡೆಯ ಕಬ್ಬು, ಹಾಟ್ ಪಿಕ್ಸೆಲ್‌ಗೆ (ಆವಿಯೇ ಇಲ್ಲದ ಬಿಸಿ ಜಾಗ) ತೊಗರಿ ತೆಗೆದು ಬೋಳಾದ ಎರೆ ಹೊಲ.

ಹೊಲಗಳಲ್ಲಿ ಸೊನ್ನೆ ಹತ್ತಿರ ಬಂತು, ಸರಿ. ಆದರೆ ಊರಿನ ಸೂಪರ್ ಮಾರ್ಕೆಟ್ ಪೇಟೆ ಸುತ್ತ 5 ಮಿಲಿಮೀಟರ್ ತೋರಿಸುತ್ತಿದೆ. ಅಪ್ಪನ ಕೆರೆ ದಂಡೆಯ ಗಿಡಗಳಿಗಿಂತ ಜಾಸ್ತಿ! ಗೈಡ್ ಸರ್ "ಮೋಡ ಇರಬೇಕು ನೋಡು" ಅಂದರು. ಏಪ್ರಿಲ್‌ನಲ್ಲಿ ನಮ್ಮ ಊರ ಮೇಲೆ ಮೋಡ ಬಂದರೆ ಆರತಿ ಎತ್ತುತ್ತೇವೆ, ಗೊತ್ತಾಗದೆ ಇರುತ್ತಾ?

ಹಾಸುಗಲ್ಲು:
ಮೊದಲು ಆ 5 ಮಿಲಿಮೀಟರನ್ನು ನೀರು ಮಾಡಿ ನೋಡಿ. ಚದರ ಮೀಟರಿಗೆ 5 ಲೀಟರ್. ಎಕರೆಗೆ ಸುಮಾರು 20,000 ಲೀಟರ್, ಅಂದರೆ ನಾಲ್ಕು ಟ್ಯಾಂಕರ್. ಬೇಸಿಗೆಯಲ್ಲಿ ದಿನಾ ಎಕರೆಗೆ ನಾಲ್ಕು ಟ್ಯಾಂಕರ್ ಅಂಗಡಿ ಮೇಲೆ ಸುರಿಯೋರು ಯಾರು ರೀ? ಮನೆ ನಲ್ಲಿಗೇ ನೀರಿಲ್ಲ.

ಸೆಬಾಲ್ ನೀರನ್ನು ನೋಡುವುದೇ ಇಲ್ಲ. ಬಿಸಿಲಿಂದ ಬಂದ ಶಕ್ತಿಯಲ್ಲಿ ನೆಲ ನುಂಗಿದ್ದು, ಗಾಳಿಗೆ ಹೋಗಿದ್ದು ಕಳೆದು, ಮಿಕ್ಕಿದ್ದನ್ನೆಲ್ಲ ಆವಿ ಖಾತೆಗೆ ಜಮಾ ಮಾಡುತ್ತದೆ. ಬಾಸ್ತಿಯಾನ್ಸನ್ 1998ರಲ್ಲಿ ಪ್ರಕಟಿಸಿದ ಈ ವಿಧಾನ ಹೊಲಕ್ಕೆ ಒಗ್ಗುತ್ತದೆ. ಊರಲ್ಲಿ ಕಳೆಯುವ ಬಾಬುಗಳೇ ಬೇರೆ. ಲ್ಯಾಂಡ್‌ಸ್ಯಾಟ್ ಬರುವುದು ಬೆಳಿಗ್ಗೆ ಹತ್ತರ ಸುಮಾರಿಗೆ. ಆಗ ಕಾಂಕ್ರೀಟು, ಶಹಾಬಾದ್ ಕಲ್ಲು ಬಿಸಿಯನ್ನು ಒಳಗೆಳೆದುಕೊಳ್ಳುತ್ತಾ ಇರುತ್ತವೆ. ರಾತ್ರಿ ಮಾಳಿಗೆ ಮೇಲೆ ಮಲಗಿದರೆ ಬೆನ್ನು ಸುಡುತ್ತದಲ್ಲ, ಅದೇ ಬಿಸಿ. ಮಣ್ಣಿಗೆ ಮಾಡಿದ ಸೂತ್ರ ಇದನ್ನು ತೀರಾ ಕಮ್ಮಿ ಹಿಡಿಯುತ್ತದೆ. ಮೇಲ್ಮೈ ಗಾಳಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಒರಟುತನವನ್ನೂ ಎನ್‌ಡಿವಿಐ ಎಂಬ ಹಸಿರಿನ ಸೂಚ್ಯಂಕದಿಂದ ತೆಗೆದಿದ್ದರೆ ನಾಲ್ಕು ಮಹಡಿ ಕಟ್ಟಡ ಬೋಳು ಹೊಲದ ಲೆಕ್ಕಕ್ಕೆ ಸೇರುತ್ತದೆ. ಗಾಳಿಗೆ ಹೋದ ಬಿಸಿ ಅಲ್ಲೂ ಕಮ್ಮಿ ಬರುತ್ತದೆ.

ಆದರೆ ಕೆರೆ ದಂಡೆಯನ್ನೂ ಮೀರಿಸಿದೆ ಅಂದರೆ ನನಗೆ ತಗಡಿನ ಮೇಲೆ ಅನುಮಾನ. ಹೊಸ ತಗಡಿನ ಎಮಿಸಿವಿಟಿ, ಅಂದರೆ ಬಿಸಿಯನ್ನು ಕಿರಣವಾಗಿ ಹೊರಸೂಸುವ ಗುಣ, ತುಂಬಾ ಕಡಿಮೆ. ಕೈ ಇಟ್ಟರೆ ಬೊಬ್ಬೆ ಬರುವಷ್ಟು ಕಾದಿದ್ದರೂ ಉಪಗ್ರಹ ಬಿಸಿ ಅಳೆಯುವ ಥರ್ಮಲ್ ಬ್ಯಾಂಡಿನಲ್ಲಿ ತಣ್ಣಗೆ ಕಾಣುತ್ತದೆ, ಯಾಕಂದ್ರೆ ತಣ್ಣನೆ ಆಕಾಶವನ್ನೇ ಪ್ರತಿಫಲಿಸುತ್ತಿರುತ್ತದೆ. ತಣ್ಣಗಿದೆ ಅಂದ ಕೂಡಲೇ ಸೆಬಾಲ್ ಅದನ್ನು ಕಬ್ಬಿನ ಗದ್ದೆ ಪಕ್ಕ ಕೂರಿಸುತ್ತದೆ. ಬಣ್ಣ ಬಳಿದ ನೀಲಿ ಶೀಟಿಗೆ ಈ ಕಾಟ ಕಡಿಮೆ. ಲ್ಯಾಂಡ್‌ಸ್ಯಾಟ್‌ನವರೇ ಲೆಕ್ಕ ಹಾಕಿ ಕೊಡುವ ಕಲೆಕ್ಷನ್ 2 ತಾಪಮಾನ ಬಳಸಿದ್ದೀರಾ? ಅದರ ಎಮಿಸಿವಿಟಿಗೆ ಆಧಾರ 2000ದಿಂದ 2008ರವರೆಗಿನ ಆಸ್ಟರ್ ಎಂಬ ಉಪಗ್ರಹ ಉಪಕರಣದ ದತ್ತಾಂಶ. ಆಮೇಲೆ ಎದ್ದ ಶೆಡ್ಡು ಅದಕ್ಕೆ ಹೇಗೆ ಗೊತ್ತಾಗಬೇಕು?

ಯಾದಗಿರಿ ಗುಡ್ಡ:
ಸುಮ್ನೆ ಮಾಡಿಸ್ ಉಪಗ್ರಹ ಉಪಕರಣದ ಸಿದ್ಧ ಇಟಿ ನಕ್ಷೆ ಎಂಓಡಿ16 ತಗೊಳ್ಳಿ. 500 ಮೀಟರ್ ಪಿಕ್ಸೆಲ್, ನಗರ ಬಂದ ಕಡೆ ಇಟಿ ಬದಲು "ಇದು ನಗರ" ಅಂತ ಒಂದು ಕೋಡ್ ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಅವರೇ ಬಿಟ್ಟ ಮೇಲೆ ನೀವ್ಯಾಕೆ ಒದ್ದಾಡ್ತೀರಿ 😄

ಬಿಸಿಲೂರು:
@ಯಾದಗಿರಿ ಗುಡ್ಡ, ಪ್ರಾಜೆಕ್ಟ್ ಹೆಸರಲ್ಲೇ "ನಗರ" ಇದೆ ಅಣ್ಣಾ!

@ಹಾಸುಗಲ್ಲು ಸರ್, ಹೌದು, ಕಲೆಕ್ಷನ್ 2. ಗೂಗಲ್ ಅರ್ಥ್‌ನಲ್ಲಿ ಇಟ್ಟು ನೋಡಿದೆ. ತೀರಾ ತಣ್ಣಗಿನ ಜಾಗಗಳೆಲ್ಲ ಪಳಪಳ ಹೊಳೆಯುವ ಶೀಟುಗಳೇ. ಅವನ್ನು ತೆಗೆದು ಹಾಕಿದೆ. ಉಳಿದ ಕಡೆ ಇನ್ನೂ 2 ಮಿಲಿಮೀಟರಿನ ಮೇಲಿದೆ. ಕಟ್ಟಡಗಳು ಹಿಡಿದಿಡುವ ಬಿಸಿಗೆ ಒಂದೇ ಸಂಖ್ಯೆ ಹಾಕಿದರೆ ನಡೆಯುತ್ತಾ?

ಹಾಸುಗಲ್ಲು:
ಒಂದೇ ಸಂಖ್ಯೆ ಬೇಡ. ಗ್ರಿಮಂಡ್ ಮತ್ತು ಓಕ್ ಅವರ ಕಟ್ಟಡಗಳು ಹಿಡಿದಿಡುವ ಬಿಸಿಯನ್ನು ಲೆಕ್ಕ ಹಾಕುವ ಓಎಚ್‌ಎಂ ವಿಧಾನ ನೋಡಿ. ಡಾಂಬರು, ಕಾಂಕ್ರೀಟು, ಮಣ್ಣು, ಹಸಿರಿಗೆ ಬೇರೆ ಬೇರೆ ಗುಣಾಂಕ ಇವೆ. ಯಾವುದು ಎಷ್ಟು ಪಾಲು ಅಂತ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರದಿಂದ ತೆಗೆಯಿರಿ. ಲ್ಯಾಂಡ್‌ಸ್ಯಾಟ್ 8ರ ಥರ್ಮಲ್ ಅಸಲಿಗೆ 100 ಮೀಟರ್. 30 ಅಂತ ಕೊಟ್ಟಿದ್ದು ಬರೀ ಹಿಗ್ಗಿಸಿದ್ದು. ಅಂಗಡಿ, ರಸ್ತೆ, ಒಂದು ಬೇವಿನ ಮರ ಎಲ್ಲ ಒಂದೇ ಪಿಕ್ಸೆಲ್‌ನಲ್ಲಿ ಕಲಸಿರುತ್ತವೆ.

ರಾತ್ರಿ ಆ ಬಿಸಿ ಹೊರಬರುವುದನ್ನು ನೋಡಬೇಕು ಅಂದರೆ ಇಕೋಸ್ಟ್ರೆಸ್ ಎಂಬ ತಾಪಮಾನ ಅಳೆಯುವ ಉಪಕರಣದ ಚಿತ್ರ ಹುಡುಕಿ. 2018ರಿಂದ ಬಾಹ್ಯಾಕಾಶ ನಿಲ್ದಾಣದ ಮೇಲಿದೆ, ಬೇರೆ ಬೇರೆ ಹೊತ್ತಿಗೆ ಹಾದು ಹೋಗುತ್ತದೆ. ಫೈಲ್ ಹೆಸರಲ್ಲಿ ಸಮಯ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಇರುತ್ತದೆ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.